ಒಂಬತ್ತು ಹೆರಿಗೆ

ಪರೀಕ್ಷೆಗೆ ಮೂರೇ ದಿನ ಉಳಿದಿತ್ತು. ಕಲಘಟಗಿಯ ಹಿರಿಯ ನರ್ಸ್ ಮಹಾದೇವಕ್ಕ ರೊಟ್ಟಿ ಬಡಿಯುತ್ತಿದ್ದಾಗ ಅವಳ ಕೈಕೆಳಗೆ ನರ್ಸ್ ಕೆಲಸ ಕಲಿಯುತ್ತಿದ್ದ ಮಿಶ್ರಿಕೋಟಿಯ ದುರಗವ್ವ ಬಾಗಿಲಿಗೆ ಬಂದು ನಿಂತಳು. ಅತ್ತೂ ಅತ್ತೂ ಕಣ್ಣು ಕೆಂಪಾಗಿದ್ದವು.

"ಪರೀಕ್ಷಾಕ್ಕ ಕೂಡಸಂಗಿಲ್ಲಂತ್ರಿ ಬಾಯಾರ. ನಾ ಹದಿನಾಲ್ಕ ಹೆರಿಗಿ ಅಷ್ಟ ಮಾಡಸೇನಂತ."

ಇಪ್ಪತ್ತು ಹೆರಿಗೆ ಮಾಡಿಸದವರಿಗೆ ಪರೀಕ್ಷೆಯಿಲ್ಲ. ಪರೀಕ್ಷೆ ಪಾಸಾಗದಿದ್ದರೆ ನರ್ಸ್ ಎಂದು ಸರಕಾರದಲ್ಲಿ ಹೆಸರು ಹತ್ತುವುದಿಲ್ಲ, ನೌಕರಿಯೂ ಇಲ್ಲ. ಆದರೆ ಈ ಹುಡುಗಿ ಮಾಡಿಸಿದ್ದು ಇಪ್ಪತ್ಮೂರು. ಪ್ರತಿಯೊಂದಕ್ಕೂ ಪಕ್ಕದಲ್ಲಿ ನಿಂತವಳು ಮಹಾದೇವಕ್ಕನೇ. ವರ್ಷವಿಡೀ ಡ್ಯೂಟಿ ಮುಗಿಸಿ ಬಂದು, ಇಂಗ್ಲಿಷ್ ಪುಸ್ತಕವನ್ನು ಆಡುಮಾತಿಗೆ ಇಳಿಸಿ ಅವಳಿಗೆ ಪಾಠ ಹೇಳಿದವಳೂ ಅವಳೇ.

"ಉಳದ ಒಂಬತ್ತ ಎಲ್ಲಿ ಹೋದ್ವು?"

"ತರಬೇತಿ ಕೇಂದ್ರದ ಮುಖ್ಯಸ್ಥರ ತಂಗಿ ಮಗಳು, ನಮ್ಮ ಜೋಡಿ ಕಲಿಯೂ ಶಿವಗಂಗಾನ ಹೆಸರಿಗೆ ಬರದಾರ್ರಿ. ಕೇಳಿದ್ರ, 'ನಿಮ್ಮ ಕೇರಿಯವ್ರಿಗೆ ಒಂದ್ ವರ್ಷ ತಡಾ ಆದ್ರ ಏನ್ ಮುಳಗತೈತಿ' ಅಂದ್ರು."

ಮಹಾದೇವಕ್ಕನ ಮೈಯೆಲ್ಲ ಉರಿಯಿತು. ಮರುದಿನ ಮೊದಲ ಬಸ್ಸಿಗೇ, ಆಸ್ಪತ್ರೆಯ ಹೆರಿಗೆ ದಾಖಲೆಯನ್ನು ಬಗಲಲ್ಲಿಟ್ಟುಕೊಂಡು ದುರಗವ್ವನ ಜೊತೆ ತರಬೇತಿ ಕೇಂದ್ರಕ್ಕೆ ಹೋದಳು.

ಮುಖ್ಯಸ್ಥೆ ಶಾರದವ್ವ ದಾಖಲೆಯನ್ನು ಮುಟ್ಟಲೂ ಇಲ್ಲ. "ನಮ್ಮವರಾಗಿ ನೀವ ಹಿಂಗ ಮಾಡಿದ್ರ ಹೆಂಗ್ರಿ, ಮಹಾದೇವಕ್ಕಾ?"

"ಬ್ಯಾನಿ ತಿನ್ನೂ ಹೆಣಮಕ್ಕಳು ಇಕಿ ಕೈ ಗಟ್ಟಿ ಹಿಡಕೊಂಡಾರ್ರಿ. ಯಾವ ಕೇರಿ ಕೈ ಅಂತ ಒಬ್ಬಾಕಿನೂ ಕೇಳಿಲ್ಲ. ನೀವ್ಯಾರ್ರಿ ಕೇಳಾಕ? ಕರೀರಿ ನಿಮ್ಮ ಹುಡುಗೀನ!"

ಶಿವಗಂಗಾ ಬಂದಳು. ಮಹಾದೇವಕ್ಕ ಆ ಒಂಬತ್ತರಲ್ಲಿ ಒಂದರ ತಾರೀಖಿನ ಮೇಲೆ ಬೆರಳಿಟ್ಟು, "ಈ ದಿನ ಎಲ್ಲಿದ್ದಿ ಬೇ?" ಎಂದಳು.

ಹುಡುಗಿ ದೊಡ್ಡಮ್ಮನ ಮುಖ ನೋಡಿದಳು, ದುರಗವ್ವನ ಮುಖ ನೋಡಿದಳು. "ಕುಂದಗೋಳದಾಗ್ರಿ, ಅಕ್ಕನ ಮದುವ್ಯಾಗ. ನನ್ನ ಹೆಸರಿಗೆ ಬರೀರಿ ಅಂತ ನಾ ಹೇಳಿಲ್ರಿ."

ಶಾರದವ್ವ ಕೇಂದ್ರದ ಪುಸ್ತಕ ತೆಗೆದು ಒಂಬತ್ತನ್ನೂ ದುರಗವ್ವನ ಹೆಸರಿಗೆ ತಿದ್ದಿ ಸಹಿ ಹಾಕಿದಳು. ಕ್ಷಮೆ ಅನ್ನುವ ಶಬ್ದ ಅವಳ ಬಾಯಿಂದ ಬರಲಿಲ್ಲ.

ದುರಗವ್ವ ಪರೀಕ್ಷೆ ಬರೆದಳು, ಕೇಂದ್ರಕ್ಕೇ ಮೊದಲಿಗಳಾಗಿ ಪಾಸಾದಳು. ಮಳೆಗಾಲ ಮುಗಿಯುವುದರೊಳಗೆ ನವಲಗುಂದದ ಕಡೆ ನೌಕರಿಗೂ ಸೇರಿದಳು.

ಮಹಾದೇವಕ್ಕನಿಗೆ ಮಾತ್ರ ಕೇಂದ್ರದಿಂದ ಕಾಗದ ಬಂತು: ನಿಮ್ಮ ನಡತೆ ಸರಿಯಿಲ್ಲ, ಇನ್ನು ನಿಮ್ಮಲ್ಲಿಗೆ ವಿದ್ಯಾರ್ಥಿನಿಯರನ್ನು ಕಳಿಸುವುದಿಲ್ಲ.

"ನನ್ನ ನಡತಿ!" ಎಂದು ಅವಳು ಕಾಗದ ಹರಿದು ಒಲೆಗೆ ಹಾಕಿದಳು.

ಆ ಭಾನುವಾರ ಕೇಂದ್ರದ ಐವರು ಹುಡುಗಿಯರು ಯಾರನ್ನೂ ಕೇಳದೆ ಬಸ್ಸು ಹತ್ತಿ, ಪುಸ್ತಕ ಹಿಡಿದುಕೊಂಡು ನೇರ ಅವಳ ಮನೆಗೇ ಬಂದರು.