ಕ್ಯಾತಣ್ಣ ನಡೆದು ತೋರಿಸಿದ್ದು

ನಾಗಲಮಡಿಕೆ ಕಡೆಯ ಗುಡ್ಡಗಳಲ್ಲಿ ಕುರಿ ಮೇಯಿಸುವ ಕ್ಯಾತಣ್ಣನನ್ನು ಮುಖ ನೋಡಿ ಗುರುತು ಹಿಡಿಯಬೇಕಾಗಿರಲಿಲ್ಲ. ಎದೆ ಮುಂದೆ ಮಾಡಿ, ಮಂಡಿ ಸಡಿಲ ಬಿಟ್ಟು, ಬಂಡೆಯಿಂದ ಬಂಡೆಗೆ ದಾಪುಗಾಲು ಹಾಕುತ್ತಾ ಹೋಗುವ ಅವನ ನಡಿಗೆಯನ್ನು ಎದುರು ಗುಡ್ಡದಿಂದ ಕಂಡವರೂ ಇವನೇ ಎಂದು ಹೇಳಿಬಿಡುತ್ತಿದ್ದರು. ತಮ್ಮ ಓಬಳಪ್ಪನದೂ ಅದೇ ಎತ್ತರ, ಅದೇ ಮೈಕಟ್ಟು, ಅದೇ ನಡಿಗೆ. ಬೆನ್ನು ಮಾಡಿ ಹೊರಟರೆ ಹೆತ್ತವಳೇ ಒಬ್ಬನ ಹೆಸರು ಕೂಗಿ ಇನ್ನೊಬ್ಬನ ಕೈಲಿ ಬುತ್ತಿ ಕೊಟ್ಟು ಕಳಿಸುತ್ತಿದ್ದಳು.

ಶಿರಾ ರಸ್ತೆಯಲ್ಲಿ ಕುರಿ ದಾಟಿಸುವಾಗ ಲಾರಿಯೊಂದು ಬಂದು ಓಬಳಪ್ಪನ ಬಲಗಾಲನ್ನು ಮಂಡಿಯ ಮೇಲಿನವರೆಗೂ ತೆಗೆದುಕೊಂಡು ಹೋಯಿತು. ಜೀವ ಉಳಿಯಿತು. ಆದರೆ ಅವರ ಗೊಲ್ಲರಹಟ್ಟಿಯಲ್ಲಿ ಕುರಿಗಳ ಹಿಂದೆ ಹೋಗಲಾರದ ಗಂಡಸು ಮಾಡುವುದಾದರೂ ಏನು? ಬೆಳಗಾದರೆ ಗಂಡಸರೆಲ್ಲ ಹಿಂಡು ಹೊಡೆದುಕೊಂಡು ಹೊರಡುವರು, ಇವನು ಕುರಿ ರೊಪ್ಪದ ಬೇಲಿಗೆ ಬೆನ್ನು ಕೊಟ್ಟು ಕೂರುವನು. ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಆಡದೇ ಇದ್ದದ್ದೇ ಅವನ ಹೊಟ್ಟೆ ಉರಿಸುತ್ತಿತ್ತು. ಹೆಂಡತಿ ಪುಟ್ಟಕ್ಕ ಮುದ್ದೆ ಇಟ್ಟರೆ ತಟ್ಟೆಯನ್ನೇ ಒದೆಯುವನು, ಇದ್ದ ಒಂದೇ ಕಾಲಿನಲ್ಲಿ.

ರೇಣುಕಯ್ಯ ಬಂದದ್ದು ಎಂಬತ್ತೇಳನೇ ಇಸವಿಯಲ್ಲಿ. ಕೊರಟಗೆರೆ ಕಡೆಯವನು, ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕಂಪ್ಯೂಟರಿನೊಳಗೆ ಮನುಷ್ಯರ ಬೊಂಬೆ ಮಾಡಿ ನಡೆಸುವ ಕೆಲಸ. ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಈ ಕಥೆಯಲ್ಲಿ ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೆ ಒಬ್ಬ ಕೆಟ್ಟವನೂ ಸಿಗುವುದಿಲ್ಲ. ಪೇಟೆಯಲ್ಲಿ ಸಿಗುವ ಕೃತಕ ಕಾಲುಗಳು ಆಸ್ಪತ್ರೆಯ ವರಾಂಡದಲ್ಲಿ ಓಡಾಡಲಿಕ್ಕಷ್ಟೇ ಲಾಯಕ್ಕು ಎಂದು ಅವನಿಗೆ ಸಿಟ್ಟಿತ್ತು. ಕುರಿಗಾಹಿಗೆ ಕುರಿಗಾಹಿಯ ಕಾಲೇ ಬೇಕು. ಓಬಳಪ್ಪ ಮೊದಲು ಹೇಗೆ ನಡೆಯುತ್ತಿದ್ದನೋ ಅದನ್ನು ಈಗ ನೋಡುವಂತಿಲ್ಲ, ಆದರೆ ಅದೇ ಅಳತೆಯ ಮೂಳೆ ಅಣ್ಣನಿಗಿದೆ. ಅಣ್ಣ ನಡೆದು ತೋರಿಸಿದರೆ ಅದನ್ನು ಬೊಂಬೆಗೆ ಕಲಿಸಿ, ಬೊಂಬೆಯ ಮಂಡಿ ನೋಡಿ ತಮ್ಮನ ಮಂಡಿ ಮಾಡುವುದು ಎಂದು ಅವನ ಲೆಕ್ಕ.

"ನಮ್ಮೋನು ಮತ್ತೆ ಕುರಿ ಹಿಂದೆ ಹೋದಾನಾ ಸಾಮಿ?" ಎಂದು ಕೇಳಿದಳು ಪುಟ್ಟಕ್ಕ.

"ಇವರು ಹೇಗೆ ನಡೀತಾರೋ ಅವರೂ ಹಾಗೇ ನಡೀತಾರೆ," ಎಂದು ರೇಣುಕಯ್ಯ ಕ್ಯಾತಣ್ಣನ ಭುಜದ ಮೇಲೆ ಕೈಯಿಟ್ಟ.

ಮಧುಗಿರಿಯ ಶಾಲೆಯೊಂದರ ಸಭಾಂಗಣದಲ್ಲಿ ಕ್ಯಾಮೆರಾ ನಿಲ್ಲಿಸಿದ್ದರು. ಕ್ಯಾತಣ್ಣ ಬಾಗಿಲಲ್ಲೇ ಮೆಟ್ಟು ಬಿಟ್ಟ. ಅವರ ಹಟ್ಟಿಯ ಮುಳ್ಳುಬೇಲಿಯೊಳಗೆ ಯಾರೂ ಮೆಟ್ಟು ಹಾಕಿಕೊಂಡು ಓಡಾಡುವುದಿಲ್ಲ, ದೇವರಿರುವ ಜಾಗ. ದೊಡ್ಡವರಿರುವ ಜಾಗಕ್ಕೂ ಅದೇ ಮರ್ಯಾದೆ ಎಂದು ಚಿಕ್ಕಂದಿನಿಂದ ಮೈಗೆ ಹತ್ತಿದ್ದು. ಕಂಬಳಿಯನ್ನೂ ಕೋಲನ್ನೂ ಮೆಟ್ಟಿನ ಪಕ್ಕದಲ್ಲೇ ಇಟ್ಟ. ಸೊಂಟ, ಮಂಡಿ, ಪಾದದ ಹರಡಿನ ಕೀಲುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ, "ದಿನಾ ನಡೆಯೋ ಹಾಗೆ ನಡೀರಿ" ಎಂದ ರೇಣುಕಯ್ಯ. ಗೋಡೆಗುಂಟ ಅವನ ಸಂಸ್ಥೆಯ ಇಸ್ತ್ರಿ ಬಟ್ಟೆಯವರು ನಿಂತು ನೋಡುತ್ತಿದ್ದರು.

ಕ್ಯಾತಣ್ಣ ನಡೆದ. ಬರಿಗಾಲಲ್ಲಿ, ನುಣ್ಣನೆಯ ನೆಲದ ಮೇಲೆ, ಬೆನ್ನು ಬಾಗಿಸಿ, ಹೆಜ್ಜೆಯ ಸದ್ದು ಕೇಳದಂತೆ ಮೆಲ್ಲಗೆ. ತಾಲ್ಲೂಕು ಕಚೇರಿಗೆ ಹೋದಾಗ ಹೇಗೆ ನಡೆಯುತ್ತಿದ್ದನೋ ಹಾಗೆ. ಮೋಸ ಮಾಡಬೇಕೆಂದು ಅಲ್ಲ, ಅವನಿಗದು ಗೊತ್ತೂ ಆಗಲಿಲ್ಲ. ಸಾಹೇಬರ ಮುಂದೆ ಎದೆ ಸೆಟೆಸಿ ದಾಪುಗಾಲು ಹಾಕುವಷ್ಟು ಕೊಬ್ಬು ಅವನ ವಂಶದಲ್ಲಿ ಯಾರಿಗೂ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ಅಣ್ಣತಮ್ಮಂದಿರನ್ನು ಬೆಂಗಳೂರಿಗೆ ಕರೆಸಿದರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ಬೊಂಬೆ ನಿಂತಿತ್ತು. ಕಣ್ಣುಮೂಗಿಲ್ಲ, ಬರೀ ಕಡ್ಡಿ.

"ಸೊಂಟವೇ ಯಜಮಾನ," ಎಂದು ರೇಣುಕಯ್ಯ ಬೆರಳಿಟ್ಟು ತೋರಿಸಿದ. "ಸೊಂಟಕ್ಕೆ ತೊಡೆ ಕಟ್ಟಿದ್ದೀನಿ, ತೊಡೆಗೆ ಮೊಣಕಾಲಿನ ಕೆಳಗಿನ ಮೂಳೆ, ಅದಕ್ಕೆ ಪಾದ. ಮೇಲಿನದು ಹೋದ ಕಡೆ ಕೆಳಗಿನದು ಹೋಗಲೇಬೇಕು. ಯಾವ ಕೀಲು ಎಷ್ಟು ಮಡಿಚಬೇಕು, ಎಷ್ಟು ಬೇಗ ಮಡಿಚಬೇಕು ಅಂತ ಹೇಳಿಕೊಟ್ಟಿದ್ದು ನಿಮ್ಮ ನಡಿಗೆ."

ಮುಂದಾಳು ಟಗರಿನ ಹಿಂದೆ ಹಿಂಡು ಹೋದ ಹಾಗೆ ಎಂದುಕೊಂಡ ಕ್ಯಾತಣ್ಣ. ಅವನಿಗೆ ಚೆನ್ನಾಗಿಯೇ ಅರ್ಥವಾಯಿತು. ರೇಣುಕಯ್ಯ ಒಂದು ಗುಂಡಿ ಒತ್ತಿದ. ಬೊಂಬೆ ನಡೆಯಿತು.

ಓಬಳಪ್ಪ ಕಂಕುಳ ಕೋಲಿನ ಮೇಲೆ ಬಾಗಿ ನೋಡಿದ. "ಇದ್ಯಾರಣ್ಣ? ಕಳ್ಳತನ ಮಾಡಿ ಸಿಕ್ಕಾಕ್ಕೊಂಡೋನಂಗೆ ನಡೀತಾವ್ನೆ?"

ಕ್ಯಾತಣ್ಣನಿಗೂ ಕಂಡಿತ್ತು. ಇದು ಗುಡ್ಡದ ಕ್ಯಾತಣ್ಣನಲ್ಲ, ಕಚೇರಿಯ ಬಾಗಿಲಲ್ಲಿ ನಿಂತ ಕ್ಯಾತಣ್ಣ. ಬಾಯಿ ಬಿಡಬೇಕಾದ ಗಳಿಗೆ ಅದು. ಆದರೆ ಪಕ್ಕದಲ್ಲಿ ರೇಣುಕಯ್ಯ ಮಗು ಹೆಜ್ಜೆಯಿಟ್ಟಿದ್ದನ್ನು ಕಂಡ ತಾಯಿಯಂತೆ ಬೀಗುತ್ತಿದ್ದ. ಅಷ್ಟು ಓದಿದವರ ಮುಂದೆ, ಅಷ್ಟು ತಿಂಗಳ ಕೆಲಸವನ್ನು, ತಪ್ಪು ಎಂದು ಹೇಗೆ ಹೇಳುವುದು?

"ಸುಮ್ಕಿರ್ಲಾ," ಎಂದು ತಮ್ಮನ ತೋಳು ಚಿವುಟಿದ. "ಸಾಹೇಬ್ರು ಏನಂದ್ಕೊಂಡಾರು." ಆಮೇಲೆ ಕೈಮುಗಿದು, "ನಾನೇ ಸಾಮಿ. ಥೇಟ್ ನಾನೇ" ಎಂದ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಕಾಲು ಬಂತು. ಹಟ್ಟಿಯ ಮುಂದಿನ ಬಯಲಲ್ಲಿ ಓಬಳಪ್ಪ ಕಂಕುಳ ಕೋಲು ಬಿಸಾಡಿ ನಡೆದಾಗ ಪುಟ್ಟಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಂಡಿಯೊಳಗಿನ ಬಿಗಿಯನ್ನು ಬೊಂಬೆಯ ಹೆಜ್ಜೆಗೆ ಸರಿಯಾಗಿ ಕೂರಿಸಿದ್ದರು. ಮೆಲ್ಲಗೆ, ಬಾಗಿ, ಒಂದೇ ಹದದಲ್ಲಿ ನಡೆದರೆ ಕಾಲು ಹೊತ್ತಿಗೆ ಸರಿಯಾಗಿ ಮುಂದೆ ಬರುತ್ತಿತ್ತು. ಹಟ್ಟಿಯವರೆಲ್ಲ ಹಿಗ್ಗಿದರು. ಕ್ಯಾತಣ್ಣನಿಗೆ ಮಾತ್ರ ತಮ್ಮ ಇಡುತ್ತಿದ್ದ ಒಂದೊಂದು ಹೆಜ್ಜೆಯೂ ತನ್ನ ಎದೆಯ ಮೇಲೇ ಇಟ್ಟಂತಾಗುತ್ತಿತ್ತು.

ಕೆಲವು ವಾರ ಓಬಳಪ್ಪ ಬಯಲಲ್ಲೇ ಮರಿಗಳನ್ನು ಕಾಯ್ದ. ಕೊನೆಗೊಂದು ಬೆಳಗ್ಗೆ ಹಿಂಡಿನ ಜೊತೆ ಗುಡ್ಡ ಹತ್ತಿದ. ಮಧ್ಯಾಹ್ನ ಲಂಟಾನದ ಪೊದೆಯಿಂದ ತೋಳ ಎದ್ದು ಒಂದು ಮರಿಯನ್ನು ಕಚ್ಚಿತು. ಓಬಳಪ್ಪ ಹುಟ್ಟಿದಾಗಿನಿಂದ ಮಾಡುತ್ತಿದ್ದುದನ್ನೇ ಮಾಡಿದ. ಕೂಗು ಹಾಕಿ, ಎದೆ ಮುಂದೆ ಮಾಡಿ, ಬಂಡೆಯಿಂದ ಬಂಡೆಗೆ ಕಾಲು ಬೀಸಿದ.

ಕ್ಯಾತಣ್ಣ ಓಡಿ ಬರುವಷ್ಟರಲ್ಲಿ ಅವನು ಕೊರಕಲಲ್ಲಿ ಬಿದ್ದಿದ್ದ. ಉಳಿದಿದ್ದ ಎಡಗಾಲು ಹರಡಿನ ಹತ್ತಿರ ತಿರುಚಿಕೊಂಡು ಮೂಳೆ ಹೊರಗೆ ಬಂದಿತ್ತು.

"ನಾನು ನಮ್ ನಡ್ಗೆ ನಡ್ದೆ ಕಣಣ್ಣ," ಎಂದ ಹಲ್ಲು ಕಚ್ಚಿಕೊಂಡು. "ಅದು ಇನ್ಯಾರ್ದೋ ನಡ್ಗೆ ನಡೀತು."

ತಮ್ಮನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಯುತ್ತಾ ಕ್ಯಾತಣ್ಣ ಎಲ್ಲ ಹೇಳಿದ. ಮಧುಗಿರಿಯ ಶಾಲೆಯಲ್ಲಿ ಬಾಗಿ ನಡೆದದ್ದು, ಪರದೆ ನೋಡಿ ತನಗನ್ನಿಸಿದ್ದು, ಚಿವುಟಿ ಬಾಯಿ ಮುಚ್ಚಿಸಿದ್ದು. ಹೇಳುತ್ತಾ ಅತ್ತ. ಓಬಳಪ್ಪ ಬೈಯಲಿಲ್ಲ, ಅಣ್ಣನ ಕುತ್ತಿಗೆ ಸುತ್ತಿದ್ದ ಕೈಯನ್ನು ಸಡಿಲಿಸಲೂ ಇಲ್ಲ.

ಸುದ್ದಿ ತಿಳಿದು ರೇಣುಕಯ್ಯ ಹಟ್ಟಿಗೇ ಬಂದ. ಕ್ಯಾತಣ್ಣ ಅವನಿಗೂ ಹೇಳಿಕೊಂಡ. ರೇಣುಕಯ್ಯ ತಲೆ ಮೇಲೆ ಕೈ ಹೊತ್ತು ಕೂತು, "ತಪ್ಪು ನನ್ನದು. ಕಲ್ಲು ಮುಳ್ಳಿನ ನಡಿಗೆಯನ್ನ ಸಿಮೆಂಟಿನ ಮೇಲೆ ಕೇಳಿದೆ" ಎಂದ. ಎಡಗಾಲು ಕೂಡಿಕೊಳ್ಳುತ್ತದೆಂದು ಡಾಕ್ಟರು ಹೇಳಿದ್ದರು. ಹೊಸ ಮಂಡಿ ಮಾಡಬಹುದು, ಆದರೆ ಅವನ ಸಂಸ್ಥೆಯವರು ಈ ಕೆಲಸವನ್ನು ನಿಲ್ಲಿಸುವವರಿದ್ದರು. ಇನ್ನು ಒಂದೇ ಸಲ. "ಈ ಸಲ ಗುಡ್ಡದಲ್ಲೇ ನಡೀರಿ. ಮೆಟ್ಟು, ಕಂಬಳಿ, ಕೋಲು ಎಲ್ಲಾ ಇರಲಿ. ನಾನಿಲ್ಲ ಅಂದುಕೊಳ್ಳಿ."

ಓಬಳಪ್ಪ ಮಲಗಿದ್ದ ಹೊರಸನ್ನು ಬೇಲಿಯಾಚೆ ಬೇವಿನ ಮರದಡಿಗೆ ಹೊತ್ತು ತಂದರು. ಗುಡ್ಡದ ಬುಡ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಕ್ಯಾಮೆರಾ ಬಂಡೆಯೊಂದರ ಹಿಂದೆ. ಕ್ಯಾತಣ್ಣನ ಕೀಲುಗಳಿಗೆ ಮತ್ತೆ ಬಿಳಿ ಪಟ್ಟಿ ಅಂಟಿಸಿದರು. ಅವನು ಕಣ್ಣು ಮುಚ್ಚಿ ಹಟ್ಟಿಯ ದೇವರನ್ನು ನೆನೆದ. ಮರಿ ಕಚ್ಚಿದ ತೋಳವನ್ನು, ಅದರ ಹಿಂದೆ ಓಡಿದ ತಮ್ಮನನ್ನು ನೆನೆದ. ಎದೆ ಮುಂದೆ ಮಾಡಿ ಹೊರಟ.

ಮೊದಲ ಹೆಜ್ಜೆ ಸರಿಯಾಗಿತ್ತು. ಎರಡನೆಯದಕ್ಕೆ ಸಾಹೇಬರು ನೋಡುತ್ತಿದ್ದಾರೆ ಎಂಬುದು ಬೆನ್ನಿಗೆ ತಗುಲಿತು. ಬೇಡ ಬೇಡವೆಂದರೂ ಭುಜ ಕುಗ್ಗಿತು, ಮಂಡಿ ಬಿಗಿಯಿತು, ಪಾದ ಸದ್ದು ಮಾಡಲು ಹೆದರಿ ಮೆಲ್ಲಗೆ ಊರಿತು. ಅವನು ಹಲ್ಲು ಕಚ್ಚಿ ಕಾಲು ಬೀಸಲು ನೋಡಿದ. ಬೀಸಿದ್ದು ನಾಟಕದವರ ದಾಪುಗಾಲಿನಂತಾಗಿ, ನಾಚಿಕೆಯಿಂದ ಮತ್ತಷ್ಟು ಬಾಗಿದ. ತನ್ನ ನಡಿಗೆ ತನಗೇ ಸಿಗಲಿಲ್ಲ. ಕ್ಯಾಮೆರಾದ ಗಿರಗಿರ ನಿಂತಾಗ ಅವನು ಬಂಡೆ ಹಿಡಿದುಕೊಂಡು ನಿಂತಿದ್ದ.

ರೇಣುಕಯ್ಯ ಓಡಿ ಬಂದ. ಗುಡ್ಡದ ನಡಿಗೆಯನ್ನು ಅವನು ಯಾವತ್ತೂ ಕಂಡವನಲ್ಲ. ಕಲ್ಲಿನ ಮೇಲೆ ಮೆಟ್ಟು ಹಾಕಿ ನಡೆದದ್ದೇ ಅವನಿಗೆ ಬೇರೆಯಾಗಿ ಕಂಡಿರಬೇಕು. ಹೊರಸಿನ ಹತ್ತಿರ ಬಂದು, "ನೀವು ಹೇಳಿ ಓಬಳಪ್ಪ. ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ. ಈ ಸಲ ಬಂತಾ?" ಎಂದು ಕೇಳಿದ.

ಕ್ಯಾತಣ್ಣ ತಲೆ ತಗ್ಗಿಸಿ ಅಲ್ಲೇ ಬಂದು ನಿಂತಿದ್ದ. ಓಬಳಪ್ಪ ಅಣ್ಣನನ್ನು ನೋಡಿದ. ಪರದೆಯ ಮುಂದೆ ಆವತ್ತು ಪಟ್ಟನೆ ಆಡಿದ ಬಾಯಿ ಅದು. ಈಗ ತಡೆಯಿತು.

"ಬಂತು ಸಾಮಿ," ಎಂದ. "ಅದೇ ನಮ್ಮಣ್ಣನ ನಡ್ಗೆ."

ರೇಣುಕಯ್ಯ ಖುಷಿಯಿಂದ ಕ್ಯಾಮೆರಾ ಬಿಚ್ಚಲು ಹೋದ. ಕ್ಯಾತಣ್ಣ ಅಲ್ಲವೆನ್ನಲು ಬಾಯಿ ತೆರೆದ. ಓಬಳಪ್ಪ ಅವನ ಕೈ ಹಿಡಿದು, "ಬುಡಣ್ಣ," ಎಂದ, "ಎಷ್ಟ್ ಸಲ ನಡೀತೀಯ." ಆಮೇಲೆ ಹೆಂಡತಿಯನ್ನು ಕರೆದು, ಬಿಸಿಲು ಕಣ್ಣಿಗೆ ಬೀಳುತ್ತದೆ, ಹೊರಸನ್ನು ಒಳಗೆ ಹಾಕಿಸು ಎಂದು ಹೇಳಿದ.