ನಿಂತ ಮಗ್ಗಗಳ ಪಟ್ಟಿ

ಬನಶಂಕರಿ ಕೆಟ್ಟ ಹೆಂಗಸೇನಲ್ಲ. ಆದರೆ ಪಟ್ಟಿ ಬರೆಯುವ ಚಟ ಅವಳಿಗೆ ಮೊದಲಿನಿಂದಲೂ ಇತ್ತು. ಕಿರಾಣಿ ಸಾಮಾನಿನ ಪಟ್ಟಿ, ಹಬ್ಬಕ್ಕೆ ಕರೆಯಬೇಕಾದವರ ಪಟ್ಟಿ, ಕರೆದರೂ ಮುನಿಸಿಕೊಂಡು ಬಾರದವರ ಪಟ್ಟಿ ಬೇರೆ. ಅಂಥವಳನ್ನು ಬನಹಟ್ಟಿಯ ಒಂದು ಪವರ್‌ಲೂಮ್ ಕಾರ್ಖಾನೆಗೆ ಮ್ಯಾನೇಜರ್ ಮಾಡಿದ ಮೇಲೆ ಕೇಳಬೇಕೆ!

ಅವಳು ಅದೇ ಕಾರ್ಖಾನೆಗೆ ಹದಿನಾರರ ವಯಸ್ಸಿನಲ್ಲಿ ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ, ಸುತ್ತಲು ಬಂದವಳು. ಹರಿದ ಎಳೆಯನ್ನು ಒಂದೇ ಕೈಯಲ್ಲಿ ಗಂಟು ಹಾಕುವುದನ್ನು ಕಲಿಸಿದವನು ಯಮನಪ್ಪ. ಆಮೇಲೆ ಅವಳು ಕೆಲಸ ಮಾಡುತ್ತಲೇ ಮನೆಯಲ್ಲಿ ಓದಿ ಬಿ.ಕಾಂ. ಪಾಸಾದಳು, ಕಂಪ್ಯೂಟರ್ ಕಲಿತಳು. ಈಗ ಮೂವತ್ತಾರು ವರ್ಷ. ಯಮನಪ್ಪ ಐವತ್ತೆಂಟರ ನೇಕಾರ. ಅವಳು ಅವನಿಗೂ ಮ್ಯಾನೇಜರ್.

ಕಾರ್ಖಾನೆಯಲ್ಲಿ ಎರಡು ಶೆಡ್ಡು. ಮುಂದಿನದು ಹಳೆಯದು. ಲಾಳಿ ಓಡುವ ಇಪ್ಪತ್ನಾಲ್ಕು ಮಗ್ಗ, ಆರು ಜನ ನೇಕಾರರು, ತಲೆಗೆ ನಾಲ್ಕು ಮಗ್ಗ. ಅಲ್ಲಿ ಸೀರೆ ನೇಯುತ್ತಾರೆ. ಹಿಂದಿನ ಶೆಡ್ಡು ಹೊಸದು. ಮಾಲೀಕ ಅಮಿತ ಹೋದ ವರ್ಷ ತರಿಸಿದ ಹನ್ನೆರಡು ರೇಪಿಯರ್ ಮಗ್ಗ ಅಲ್ಲಿವೆ. ಅವಕ್ಕೆ ಲಾಳಿ ಇಲ್ಲ. ಒಂದು ಎಳೆ ಹರಿದರೂ ತಾವೇ ನಿಂತು, ತಲೆಯ ಮೇಲೆ ಕೆಂಪು ದೀಪ ಹಚ್ಚಿಕೊಳ್ಳುತ್ತವೆ. ಅಲ್ಲಿ ಅಂಗಿಯ ಬಟ್ಟೆ ಬರುತ್ತದೆ.

ಹೊಸ ಶೆಡ್ಡು ಶುರುವಾದಾಗ ನಂಬಿಕೆಯ ಮನುಷ್ಯನೆಂದು ಅಮಿತ ಮೊದಲು ನಿಲ್ಲಿಸಿದ್ದು ಯಮನಪ್ಪನನ್ನೇ. ಹದಿನೈದು ದಿನದಲ್ಲಿ ಎಲ್ಲ ಹದಗೆಟ್ಟಿತು. ಯಮನಪ್ಪನಿಗೆ ಸ್ವಲ್ಪ ಸಂಶಯ ಬಂದರೂ ಕೈ ಗುಂಡಿಯ ಮೇಲೆ ಹೋಗುತ್ತಿತ್ತು. ಮಗ್ಗ ನಿಲ್ಲಿಸುವನು, ಹಾಸಿನ ಉದ್ದ ಎಳೆಗಳ ಮೇಲೆ ಅಂಗೈ ಆಡಿಸುವನು, ಏನೂ ಇಲ್ಲವೆಂದು ಮತ್ತೆ ಚಾಲೂ ಮಾಡುವನು. ಆ ಮಷಿನ್ನಿನ ಗುಣವೇ ಬೇರೆ. ನಿಲ್ಲಿಸಿ ಚಾಲೂ ಮಾಡಿದಲ್ಲೆಲ್ಲ ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ಅವನು ಕಾಳಜಿ ಮಾಡಿದಷ್ಟೂ ಗೆರೆ ಹೆಚ್ಚಾದವು.

ಇದನ್ನು ಕಂಡುಹಿಡಿದವಳು ಬನಶಂಕರಿ. ಯಾವ ಮಗ್ಗ ಎಷ್ಟು ಸಲ ನಿಂತಿತೆಂದು ಪರದೆಯ ಮೇಲೆ ಲೆಕ್ಕ ಬರುತ್ತಿತ್ತು. ಕೆಂಪು ದೀಪ ಹತ್ತುವ ತನಕ ಯಾರೂ ಮಗ್ಗ ಮುಟ್ಟಬಾರದು, ಹತ್ತಿದರೆ ಹತ್ತಿರ ಇದ್ದವರು ಓಡಬೇಕು, ಮಗ್ಗ ಯಾರದಾದರೂ ಸರಿ ಎಂದು ನೇಮ ಮಾಡಿದಳು. ಪ್ರತಿ ಸೋಮವಾರ ಬೆಳಿಗ್ಗೆ ನಿಂತ ಲೆಕ್ಕ ಓದಿದಳು. ಪದೇ ಪದೇ ನಿಲ್ಲುವ ಮಗ್ಗಕ್ಕೆ ಒಳ್ಳೆಯ ನೂಲು ಹಾಕಿಸಿದಳು. ತಿಂಗಳಲ್ಲಿ ಗೆರೆ ಮಾಯವಾದವು. ಯಮನಪ್ಪ ತಾನಾಗಿಯೇ ಬಂದು, "ಈ ಮಷಿನ್‌ಗೆ ನನ್ನ ಸಂಶಯ ಹಿಡಸೂದಿಲ್ಲ ಬೇ. ನಾ ಮುಂದಿನ ಶೆಡ್ಡಿಗೆ ಹೋಗ್ತೇನಿ" ಎಂದು ನಗುತ್ತ ಹಳೆಯ ಜಾಗಕ್ಕೆ ಮರಳಿದ. ಮುಧೋಳದಿಂದ ನೋಡಲು ಬಂದ ಕಾರ್ಖಾನೆಯವರ ಮುಂದೆ ಅಮಿತ ಅವಳನ್ನು ಬಾಯಿತುಂಬ ಹೊಗಳಿದ. ಹೊಗಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ತಪ್ಪಾದದ್ದು ಮುಂದೆ. ಒಂದು ಕಡೆ ಗೆದ್ದವರಿಗೆ ಎಲ್ಲ ಕಡೆಯೂ ಅದೇ ಬೀಗದ ಕೈ ಹಾಕಿ ನೋಡುವ ಆಸೆ ಇರುತ್ತದಲ್ಲ, ಅದು. ನಿಂತದ್ದು ಎಣಿಸುವ ಸಣ್ಣ ಪೆಟ್ಟಿಗೆಗಳನ್ನು ಮುಂದಿನ ಶೆಡ್ಡಿನ ಇಪ್ಪತ್ನಾಲ್ಕು ಮಗ್ಗಗಳಿಗೂ ಹಚ್ಚಿಸಿದಳು. ಸೋಮವಾರ ಅಲ್ಲಿಯೂ ಪಟ್ಟಿ ಓದಿದಳು. ಕಡಿಮೆ ನಿಲ್ಲಿಸಿದವರು ಮೇಲೆ, ಹೆಚ್ಚು ನಿಲ್ಲಿಸಿದವರು ಕೆಳಗೆ. ಮೂರು ವಾರ ಕಡೆಗೆ ಬಂದವರು ಮಗ್ಗ ಬಿಟ್ಟು ಸೀರೆ ಮಡಚುವ ಕೆಲಸಕ್ಕೆ.

ಮೊದಲ ಸೋಮವಾರ ಎಲ್ಲರಿಗಿಂತ ಮೇಲೆ ಅಪ್ಪಾಸಾಬ, ವಾರಕ್ಕೆ ನಲವತ್ತೊಂದು ಸಲ. ಎಲ್ಲರಿಗಿಂತ ಕೆಳಗೆ ಯಮನಪ್ಪ, ಇನ್ನೂರಾ ಹನ್ನೆರಡು.

"ಕಾಕಾ, ಮಗ್ಗ ನಡಸಾಕ ಬರ್ತಿಯೊ, ನಿಲ್ಲಸಾಕ ಬರ್ತಿಯೊ?" ಎಂದ ಅಪ್ಪಾಸಾಬ.

ಎಲ್ಲರೂ ನಕ್ಕರು. ಕಂಡಿಕೆ ಸುತ್ತುವ ಹೆಂಗಸರೂ ನಕ್ಕರು. ಬನಶಂಕರಿಯೂ ಸ್ವಲ್ಪ ನಕ್ಕಳು, ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು. ಯಮನಪ್ಪ ನಗಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ತನ್ನ ಮಗ್ಗದ ಕಡೆ ಹೋದ.

ಎರಡನೆಯ ಸೋಮವಾರ ಅವನ ಲೆಕ್ಕ ಅರವತ್ತಕ್ಕೆ ಇಳಿದಿತ್ತು. "ನೋಡಿದ್ಯಾ ಕಾಕಾ, ಆತಿಲ್ಲೊ?" ಎಂದು ಅವಳು ನಿಜವಾಗಿಯೂ ಖುಷಿಪಟ್ಟಳು. ಮೂರನೆಯ ಸೋಮವಾರ ಅವನು ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದ್ದ. ಅವನ ನಾಲ್ಕು ಮಗ್ಗಗಳನ್ನು ಅಪ್ಪಾಸಾಬನೂ ಮತ್ತೊಬ್ಬನೂ ಹಂಚಿಕೊಂಡರು. ಪಟ್ಟಿಗೆ ಹೆದರಿ ಬಿಟ್ಟ ಎಂದು ಶೆಡ್ಡಿನಲ್ಲಿ ಮಾತಾಯಿತು. ಬನಶಂಕರಿಗೆ ಒಳಗೊಳಗೇ ಕಸಿವಿಸಿ ಆಯಿತು, ಆದರೆ ಕೆಲಸ ಬಹಳ ಎಂದು ತನಗೆ ತಾನೇ ಹೇಳಿಕೊಂಡಳು.

ಅದೇ ವಾರ ಜಮಖಂಡಿಯಿಂದ ಸೀರೆಯ ಗಂಟು ತಿರುಗಿ ಬಂತು. ಹಿಂದೆಯೇ ವ್ಯಾಪಾರಿ ರಾಜಕುಮಾರನ ಫೋನು.

"ಏನವಾ ಬನಶಂಕ್ರಿ, ಉಡಾಕ ಕಳಿಸೀಯೊ, ಚಹಾ ಸೋಸಾಕ ಕಳಿಸೀಯೊ? ಇನ್ನೊಂದು ಗಂಟು ಹಿಂಗ ಬಂತಂದ್ರ ನಾ ಬ್ಯಾರೆ ಕಡೆ ನೋಡ್ಕೋತೇನಿ."

ಅಮಿತ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಮುಂದಿನ ಗಂಟು ಹದಿನೈದು ದಿವಸಕ್ಕ ಹೋಗಬೇಕು. ಅದೂ ತಿರುಗಿ ಬಂತಂದ್ರ ಈ ಹಳೇ ಮಗ್ಗ ಮೋಡಕಾದವಗ ಹಾಕಿಬಿಡ್ತೇನಿ. ಜಾಗಾನರ ಖಾಲಿ ಆಗ್ತೈತಿ" ಎಂದ. ಮೋಡಕಾದವನು ಹಳೆಯ ಕಬ್ಬಿಣ ಒಯ್ಯುವವನು. ಮಗ್ಗಗಳ ಜೊತೆಗೆ ಆರು ನೇಕಾರರ, ನಾಲ್ಕು ಕಂಡಿಕೆ ಹೆಂಗಸರ ಅನ್ನವೂ ಹೋಗುತ್ತಿತ್ತು.

ಅವಳು ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದೊಂದೇ ಸೀರೆ ಬಿಚ್ಚಿ ನೋಡಿದಳು. ಎಳೆ ಹರಿದ ಮೇಲೂ ಮಗ್ಗ ಓಡಿದೆ. ಹರಿದ ಎಳೆ ಪಕ್ಕದವಕ್ಕೆ ಸಿಕ್ಕಿಕೊಂಡು ನೇಯ್ಗೆ ಕೂಡದೆ ಕಿಂಡಿ ಬಿದ್ದಿವೆ. ಸೆರಗಿನ ಮೂಲೆಯಲ್ಲಿ ಮಗ್ಗದ ನಂಬರು ಇರುತ್ತದೆ. ಅಪ್ಪಾಸಾಬನ ಸೀರೆಗಳೇ ಹೆಚ್ಚು. ಅವಳು ಹದಿನೇಳರಿಂದ ಇಪ್ಪತ್ತರವರೆಗಿನ ನಂಬರು ಹುಡುಕಿದಳು, ಅವು ಯಮನಪ್ಪನ ಮಗ್ಗಗಳು. ಹದಿನೇಳು ಸ್ವಚ್ಛ. ಹದಿನೆಂಟರ ಸೀರೆಯಲ್ಲಿ ಗೇಣುದ್ದದ ಕಿಂಡಿ.

ಒಂದು ಗಳಿಗೆ ಅವಳ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಬೇಕು. ಅವನೂ ಹಾಗೇ ಮಾಡಿದ್ದಾನೆ ಅಂದಮೇಲೆ ತಪ್ಪು ತನ್ನ ಪಟ್ಟಿಯದಲ್ಲ, ನೂಲಿನದು. ಆದರೆ ಬೆರಳು ಆ ಕಿಂಡಿಯ ಮೇಲೆಯೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಯಮನಪ್ಪನ ಸೀರೆಯಲ್ಲಿ ಬೆರಳಗಲದ ಕಿಂಡಿಯನ್ನೂ ಅವಳು ಕಂಡಿರಲಿಲ್ಲ. ಲಾಳಿಯ ಸದ್ದು ತುಸು ಮಂದವಾದರೂ ಆ ಗದ್ದಲದಲ್ಲಿ ತಿರುಗಿ ನೋಡುವ ಮನುಷ್ಯ. ಗೇಣುದ್ದ ಓಡುವವರೆಗೆ ಅವನಿಗೆ ಗೊತ್ತಾಗಲಿಲ್ಲ ಎಂದರೆ ಯಾರು ನಂಬಬೇಕು?

ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಸ್ಕೂಟಿ ಹತ್ತಿ ರಬಕವಿಗೆ ಹೋದಳು.

ಬಾಗಿಲಲ್ಲಿ ಯಮನಪ್ಪನ ಹೆಂಡತಿ ನಂದಾ ಅಕ್ಕಿ ಆರಿಸುತ್ತ ಕೂತಿದ್ದಳು. "ಮೊಣಕಾಲು ನೋಡಾಕ ಬಂದ್ಯೇನು? ಮೊಣಕಾಲು ಗಟ್ಟಿ ಐತಿ. ಮನಶಾ ಕುಂತಾನ" ಎಂದಳು.

ಯಮನಪ್ಪ ಒಳಗೆ ಚಾಪೆಯ ಮೇಲಿದ್ದ. ಅವಳು ಸೀರೆ ಬಿಚ್ಚಿದಳು. ಅವನು ಹುಡುಕಲಿಲ್ಲ, ನೇರ ಕಿಂಡಿಯ ಮೇಲೆ ಬೆರಳಿಟ್ಟ.

"ಗುರುವಾರ. ಊಟದ ಹೊತ್ತಿಗಿಂತ ಮೊದಲ."

"ಗೊತ್ತಿತ್ತಾ ಕಾಕಾ?"

"ಸದ್ದು ಬದ್ಲಾತು. ಎಳಿ ಹರದೈತಿ ಅಂತ ಗೊತ್ತಾತು. ಕೈ ಎತ್ತಿದೆ. ಅಷ್ಟರಾಗ ಆ ಪೆಟಿಗಿ ಕಂಡಿತು. ಸೋಮವಾರ ನೆನಪಾತು. ಕೈ ಇಳಿಸಿದೆ." ಸೀರೆಯನ್ನು ಅವಳ ಕಡೆ ಸರಿಸಿದ. "ಜನಾ ನಕ್ಕಿದ್ದಕ್ಕ ಸಿಟ್ಟು ಬಂದು ಬಿಟ್ಟಿದ್ರ ಎರಡ ದಿವಸದಾಗ ತಿರುಗಿ ಬರ್ತಿದ್ದೆ. ನಾ ಬಿಟ್ಟದ್ದು ಇದಕ್ಕ. ಗೊತ್ತಿದ್ದೂ ಓಡಿಸಿದೆ. ಮೂವತ್ತೈದ ವರ್ಷದಾಗ ಒಮ್ಮಿ ಮಾಡಿದ್ದಿಲ್ಲ."

ಬನಶಂಕರಿಗೆ ಪಟ್ಟಿಯ ಹಿಂದೆ ತಾನು ನಕ್ಕದ್ದು ನೆನಪಾಯಿತು. ನಾಚಿಕೆ ಎಂದರೆ ಇದೇ ಎಂದು ಅವಳಿಗೆ ಆಗ ತಿಳಿಯಿತು.

"ಹಿಂದಿನ ಶೆಡ್ಡಿನ್ಯಾಗ ನೀ ಮಾಡಿದ್ದು ಖರೆ ಐತಿ" ಎಂದ ಯಮನಪ್ಪ. "ಅಲ್ಲಿ ಮಗ್ಗಕ್ಕ ಕಣ್ಣೈತಿ, ತಾನ ನಿಲ್ತೈತಿ. ಎಣಿಸಿದ್ರ ನೂಲಿನ ಬಣ್ಣಾ ಬಯಲಾಗ್ತೈತಿ. ಮುಂದಿನ ಶೆಡ್ಡಿನ ಮಗ್ಗ ಕುರುಡು. ಕಣ್ಣು ನಾವ. ಅಲ್ಲಿ ನಿಂತದ್ದು ಎಣಿಸಿದ್ರ ನಾವು ಕಣ್ಣು ಮುಚ್ಕೋತೇವಿ, ಅಷ್ಟ."

"ಹಂಗಿದ್ರ ಪಟ್ಟಿ ತಳಮೇಲು ಮಾಡಿ ಓದ್ತೇನಿ ಕಾಕಾ. ಹೆಚ್ಚು ನಿಲ್ಲಿಸಿದವ್ರು ಮ್ಯಾಲ. ನಿನ್ನ ಹೆಸರು ಮೊದಲ."

ಅವನಿಗೆ ನಗು ಬಂತು. "ಬಿ.ಕಾಂ. ಮಾಡೀಯಲ್ಲ! ಮರುದಿನದಿಂದ ಎಲ್ಲಾರೂ ಸುಮ್ಮಸುಮ್ಮನ ನಿಲ್ಲಸ್ತಾರ. ಸೀರಿ ಎಲ್ಲಿ ನೇಯಸ್ತಿ? ನಮ್ಮ ಶೆಡ್ಡಿನ್ಯಾಗ ಎಣಸೂದ ಬ್ಯಾಡ. ಬಟ್ಟಿ ಬಿಚ್ಚಿ ನೋಡೋಣ. ಶನಿವಾರಕ್ಕೊಮ್ಮಿ, ತಮ್ಮ ತಮ್ಮದು ತಾವ, ಎಲ್ಲಾರ ಮುಂದ."

"ಬರ್ತಿಯಾ?"

ಉತ್ತರ ಹೇಳಿದವಳು ಬಾಗಿಲಲ್ಲಿದ್ದ ನಂದಾ. "ಬರ್ಲಿಲ್ಲಂದ್ರ ನಾನ ಕಳಸ್ತೇನಿ. ಮನ್ಯಾಗ ಕುಂತು ನನ್ನ ಅಕ್ಕಿ ಎಣಸಾಕತ್ತಾನ."

ಮರುದಿನ ಬನಶಂಕರಿ ಮುಂದಿನ ಶೆಡ್ಡಿನ ಪೆಟ್ಟಿಗೆಗಳನ್ನು ಬಿಚ್ಚಿಸಿ ಒಂದು ಬಿಸ್ಕಿಟ್ ಡಬ್ಬಿಗೆ ಹಾಕಿದಳು. ಹಿಂದಿನ ಶೆಡ್ಡಿನ ಪರದೆ ಹಾಗೇ ಉಳಿಯಿತು, ಅಲ್ಲಿ ಸೋಮವಾರದ ಓದೂ ತಪ್ಪಲಿಲ್ಲ. "ಒಂದ ಕಾರ್ಖಾನಿಗೆ ಎರಡ ಕಾಯ್ದೆ ಹೆಂಗ?" ಎಂದು ಅಮಿತ ಕೇಳಿದ. "ಎರಡ ನಮೂನಿ ಮಗ್ಗ ಇಟ್ಟೀರಲ್ರೀ" ಎಂದಳು. ಅವನು ಹದಿನೈದು ದಿನದ ಮಾತನ್ನು ಮತ್ತೊಮ್ಮೆ ನೆನಪಿಸಿ ಹೋದ. ಆ ಗಂಟು ಮುಂದೆ ಹೊತ್ತಿಗೆ ಸರಿಯಾಗಿ ಜಮಖಂಡಿಗೆ ಹೋಯಿತು, ತಿರುಗಿ ಬರಲಿಲ್ಲ. ಆದರೆ ಹೇಳಲೇಬೇಕಾದದ್ದು ಅದಕ್ಕೂ ಮೊದಲಿನ ಶನಿವಾರದ ಸಂಗತಿ.

ಅವತ್ತು ಮಧ್ಯಾಹ್ನ ಮಗ್ಗಗಳನ್ನೆಲ್ಲ ನಿಲ್ಲಿಸಿ ಆರೂ ಜನ ಮೇಜಿನ ಸುತ್ತ ನಿಂತರು. ಯಾರೂ ತಮ್ಮ ಬಟ್ಟೆ ಮೊದಲು ಬಿಚ್ಚಲು ತಯಾರಿಲ್ಲ. ಅಪ್ಪಾಸಾಬ ಗೋಡೆ ನೋಡುತ್ತಿದ್ದ. ಯಮನಪ್ಪ ಮುಂದೆ ಬಂದು ಹದಿನೆಂಟನೆಯ ಮಗ್ಗದ ಆ ಹಳೆಯ ಸೀರೆಯನ್ನೇ ಹರಡಿ ಕಿಂಡಿಯ ಮೇಲೆ ಕೈಯಿಟ್ಟ.

"ಇದು ನಂದು. ಎಳಿ ಹರದದ್ದು ಗೊತ್ತಿತ್ತು. ನಿಲ್ಲಸಲಿಲ್ಲ."

ಯಾರೂ ನಗಲಿಲ್ಲ. ಅಪ್ಪಾಸಾಬ ತನ್ನ ಸೀರೆ ತಂದು ಪಕ್ಕದಲ್ಲಿ ಹಾಸಿದ. "ಇದು ನಂದು. ಇದೂ ನಂದು" ಎಂದು ಎರಡು ಕಡೆ ಬೆರಳಿಟ್ಟ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತಂದರು. ಮೇಜು ತುಂಬಿತು.

ಬನಶಂಕರಿ ಎಲ್ಲರ ಹಿಂದೆ ನಿಂತಿದ್ದಳು. ಯಮನಪ್ಪ ಸೀರೆಗಳ ಮೇಲಿಂದ ಕಣ್ಣೆತ್ತಿ ಅವಳನ್ನು ನೋಡಿದ. ಕಂಡಿಕೆ ಸುತ್ತಲು ಬಂದ ಹುಡುಗಿಗೆ, ಹಾಕಿದ ಗಂಟು ತೋರಿಸು ಎಂದು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ: "ನಿಂದು ಎಲ್ಲೈತಿ ಬೇ?"

ಅವಳು ಆಫೀಸಿಗೆ ಹೋಗಿ ಮೊದಲ ಸೋಮವಾರದ ಪಟ್ಟಿ ತಂದಳು. ಕಡೆಯ ಸಾಲಿನಲ್ಲಿ ಅವನ ಹೆಸರು, ಮುಂದೆ ಇನ್ನೂರಾ ಹನ್ನೆರಡು. ಅದನ್ನು ಸೀರೆಗಳ ನಡುವೆ ಹರಡಿ ಆ ಸಾಲಿನ ಮೇಲೆ ಬೆರಳಿಟ್ಟಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇದು ನಂದು. ಓದಿ ನಕ್ಕಿದ್ದೆ."

ಯಮನಪ್ಪ ಆ ಹಾಳೆಯನ್ನು ಉಳಿದ ಬಟ್ಟೆಗಳನ್ನು ನೋಡಿದ ಹಾಗೆಯೇ ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಆತು. ಮಗ್ಗ ಚಾಲೂ ಮಾಡ್ರಿ" ಎಂದ.