ಸೊನ್ನೆ ತೋರಿಸಿದ ಮೀಟರ್

ಉಗ್ರಾಣದಮ್ಮನಿಗೆ ಬೆಳಗಿನಿಂದ ಒಂದು ಗುಟುಕು ನೀರೂ ಗಂಟಲಲ್ಲಿ ಇಳಿದಿರಲಿಲ್ಲ. ಗೇಟಿನಾಚೆ ಲಾರಿಗಳು ಒಂದರ ಬಾಲಕ್ಕೆ ಒಂದು ಮೂಗು ತಗಲಿಸಿಕೊಂಡು ನಿಂತಿದ್ದವು. ಗುಡ್ಡದ ಮೇಲಿನ ಊರುಗಳಲ್ಲಿ ಮಕ್ಕಳಿಗೆ ಊಟ ಹಾಕುವ ಅಡುಗೆಮನೆಗಳ ಡಬ್ಬಗಳು ತಳ ಕಂಡಿದ್ದವು. ಮಳೆ ಒಮ್ಮೆ ಹಿಡಿಯಿತೆಂದರೆ ಗುಡ್ಡದ ರಸ್ತೆ ಕುಸಿಯುತ್ತದೆ, ಆಮೇಲೆ ಅಲ್ಲಿಗೆ ಹಕ್ಕಿ ಮಾತ್ರ ಹೋಗಬೇಕು. ಆ ಊರುಗಳಿಗೆ ಸೇರಬೇಕಾದ ಧಾನ್ಯವೆಲ್ಲ ಅವಳ ಬೆನ್ನ ಹಿಂದಿನ ಉಗ್ರಾಣದಲ್ಲಿ, ಸೂರಿಗೆ ತಾಗುವಂತೆ ಪೇರಿಸಿದ ಚೀಲಗಳಲ್ಲಿ ತೆಪ್ಪಗೆ ಕೂತಿತ್ತು.

ಧಾನ್ಯ ಸುಮ್ಮನೆ ಕೂತಿತ್ತು ನಿಜ. ಆದರೆ ಅದರ ಸುತ್ತಲಿನ ಗಾಳಿ ಸುಮ್ಮನೆ ಇರುವಂಥದ್ದಲ್ಲ. ಹುಳು ಬಿದ್ದಿತ್ತೆಂದು ಹೋದ ವಾರ ಚೀಲಗಳ ರಾಶಿಗೆಲ್ಲ ದಪ್ಪ ಹೊದಿಕೆ ಹೊದಿಸಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಒತ್ತಿಟ್ಟು, ಒಳಗೆ ವಿಷದ ಮಾತ್ರೆಗಳನ್ನು ಇಟ್ಟಿದ್ದರು. ಆ ಮಾತ್ರೆಗಳಿಂದ ಏಳುವ ಅನಿಲ ಹುಳುವನ್ನು ಕೊಲ್ಲುತ್ತದೆ. ಮನುಷ್ಯ ಸಿಕ್ಕಿದರೆ ಅವನನ್ನೂ ಬಿಡುವುದಿಲ್ಲ. ನಿನ್ನೆ ಸಂಜೆ ಅನಿಲ ತಡೆಯುವ ಮುಖವಾಡ ಹಾಕಿಕೊಂಡು ಹೊದಿಕೆ ತೆಗೆಸಿ, ಬಾಗಿಲುಗಳನ್ನು ತೆರೆದಿಟ್ಟಿದ್ದಳು. ಆದರೆ ಹಾಳಾದ ಗಾಳಿ, ರಾತ್ರಿಯಿಡೀ ಒಂದು ಎಲೆ ಅಲ್ಲಾಡಿದ್ದರೆ ಕೇಳಿ!

ಈ ವಿದ್ಯೆಯೆಲ್ಲ ಅವಳಿಗೆ ಕಲಿಸಿದ್ದು ಹೊರದೇಶದಿಂದ ಬಂದಿದ್ದ ಪರಿಹಾರ ಸಂಸ್ಥೆಯ ತಾಂತ್ರಿಕ ಸಲಹೆಗಾರ. ಏನು ಕೇಳಿದರೂ ಆತ ಉತ್ತರ ಹೇಳದೆ, "ನಿಮಗೇನನ್ನಿಸುತ್ತೆ?" ಎಂದು ತಿರುಗಿ ಕೇಳುತ್ತಿದ್ದ. ಹಮಾಲರು ಅವನಿಗೆ ಪ್ರಶ್ನೆ ಸಾಹೇಬ ಎಂದೇ ಹೆಸರಿಟ್ಟಿದ್ದರು. ಇನ್ನು ಮುಂದೆ ಹಸಿವಿನ ಜೊತೆಗಿನ ಜಗಳವನ್ನು ದೇಶದವರೇ ಆಡಬೇಕು, ನಾವು ಬದಿಗೆ ನಿಲ್ಲುತ್ತೇವೆ ಎಂದು ಸಂಸ್ಥೆಯವರು ಕಳೆದ ತಿಂಗಳು ಗಂಟುಮೂಟೆ ಕಟ್ಟಿದ್ದರು. ಹೋಗುವ ದಿನ ಪ್ರಶ್ನೆ ಸಾಹೇಬ ಅನಿಲ ಅಳೆಯುವ ಪುಟ್ಟ ಮೀಟರನ್ನು ಅವಳ ಕೈಯಲ್ಲಿಟ್ಟು, "ಇದು ಕೆಟ್ಟರೆ ಇನ್ನೊಂದು ಬರೋದಕ್ಕೆ ವರ್ಷ ಹಿಡಿಯುತ್ತೆ. ಜೋಪಾನ" ಎಂದಿದ್ದ. ಆತ ಪ್ರಶ್ನೆ ಕೇಳದೆ ಆಡಿದ ಮಾತು ಅದೊಂದೇ. ಅದು ಅವಳ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿತು.

ಅಂದಿನಿಂದ ಆ ಮೀಟರಿಗೆ ಮಗುವಿನ ಆರೈಕೆ. ಬೀರುವಿನಲ್ಲಿ ಬಟ್ಟೆಯ ಮೇಲೆ ಅದರ ಹಾಸಿಗೆ. ಬೀಗದ ಕೈ ಅವಳ ಸೊಂಟದಲ್ಲಿ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಹಮಾಲರ ಮೇಸ್ತ್ರಿ ಒಮ್ಮೆ ಕೈ ಚಾಚಿದ್ದಕ್ಕೆ, "ನಿಮ್ಮ ಆ ಒರಟು ಕೈಯಲ್ಲಿ ಇದು ಎರಡು ದಿನ ಬಾಳಲ್ಲ" ಎಂದು ಗದರಿದ್ದಳು. ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ. ಭಾವ ನಾದಿನಿಯ ಕೀಟಲೆ ಉಗ್ರಾಣದವರಿಗೆಲ್ಲ ಪುಕ್ಕಟೆ ಮನರಂಜನೆ. ಒಂದು ದಿನ "ಭಾವ, ಬೆನ್ನ ಮೇಲೆ ಹಲ್ಲಿ!" ಎಂದು ಕೂಗಿ ಅವನು ಚೀಲ ಬಿಸಾಕಿ ಕುಣಿಯುವಂತೆ ಮಾಡಿದ್ದಳು. ಮರುದಿನ ಅವನು ಅವಳ ಕುರ್ಚಿಯನ್ನು ಚೀಲದ ರಾಶಿಯ ತುದಿಗೆ ಏರಿಸಿಟ್ಟು ಸೇಡು ತೀರಿಸಿಕೊಂಡಿದ್ದ.

ಇವತ್ತು ಭಾವನಿಗೂ ತಾಳ್ಮೆ ಇರಲಿಲ್ಲ. "ಏನಮ್ಮ, ಮುಹೂರ್ತ ನೋಡ್ತಿದ್ದೀಯಾ? ಲಾರಿಯವರು ನನ್ನ ತಲೆ ತಿಂತಿದ್ದಾರೆ."

"ಅದರಲ್ಲಿ ತಿನ್ನೋಕೆ ಏನಿದೆ ಭಾವ? ಸ್ವಲ್ಪ ಸುಮ್ಮನಿರಿ."

ಮೇಜಿನ ಮೇಲಿನ ಫೋನು ಮತ್ತೆ ಹೊಡೆದುಕೊಂಡಿತು. ಇಲಾಖೆಯ ನಿರ್ದೇಶಕರು. "ಹೊರಗಿನವರು ಹೋಗಿ ತಿಂಗಳಾಗಿಲ್ಲ, ಆಗಲೇ ಲಾರಿ ನಿಂತಿದೆ ಅಂದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ನಿಮ್ಮನ್ನ ನಂಬಿ ನಾನು ಮೇಲೆ ಮಾತು ಕೊಟ್ಟಿದ್ದೀನಿ."

"ಇನ್ನೇನು ಸಾರ್, ಮೀಟರ್ ಓದಿಬಿಡ್ತೀನಿ" ಎಂದಳು.

ಮೀಟರ್ ಹಿಡಿದು ಬಾಗಿಲಿನಿಂದ ಒಂದಷ್ಟು ದೂರ ಒಳಗೆ ಹೋದಳು. ಸೊನ್ನೆ. ನಡುವಿನ ಓಣಿಯಲ್ಲಿ ನಿಂತಳು. ಅಲ್ಲೂ ಸೊನ್ನೆ. ಇಷ್ಟು ಬೇಗ ಸೊನ್ನೆಯೇ ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಆದರೆ ಬೇಕಾಗಿದ್ದ ಉತ್ತರ ಕಣ್ಣೆದುರೇ ಇರುವಾಗ ಅದರ ಜೊತೆ ಯಾರು ಜಗಳಕ್ಕೆ ನಿಲ್ಲುತ್ತಾರೆ? ಹೊರಗೆ ಬಂದು, "ಹೋಗಬಹುದು" ಎಂದಳು. ಭಾವ ಹೆಗಲ ಮೇಲಿನ ಟವಲ್ಲು ಕೊಡವಿ ಎಲ್ಲರಿಗಿಂತ ಮುಂದೆ ನುಗ್ಗಿದ. ಅವನ ಹಿಂದೆ ಹಮಾಲರೂ ಹೋದರು.

ಮೀಟರನ್ನು ಒರೆಸಿ ಡಬ್ಬಿಗೆ ಸೇರಿಸಲು ಹೊರಟಾಗ ಅವಳ ಉಗುರು ಏನಕ್ಕೋ ಸಿಕ್ಕಿತು. ತೆಳ್ಳನೆಯ ಪಾರದರ್ಶಕ ಟೇಪು. ಚೀಲದ ಧೂಳು ಒಳಗೆ ಹೋಗದಿರಲಿ ಎಂದು ಹೋದ ತಿಂಗಳು ಅವಳೇ ಮೀಟರಿನ ಸುತ್ತ ಪ್ಲಾಸ್ಟಿಕ್ ಸುತ್ತಿ, ಎಲ್ಲೂ ಸಂದಿಲ್ಲದಂತೆ ಅಂಟಿಸಿದ್ದಳು. ಅವಳ ತಾಯಿ ಟಿವಿಯ ರಿಮೋಟಿನಿಂದ ಹಿಡಿದು ಹೊಸ ಕುರ್ಚಿಯವರೆಗೆ ಮನೆಯಲ್ಲಿದ್ದುದಕ್ಕೆಲ್ಲ ಪ್ಲಾಸ್ಟಿಕ್ ತೊಡಿಸುವವಳು. ಆ ಮನೆಯಲ್ಲಿ ಬೆಳೆದವಳಿಗೆ ಜೋಪಾನ ಎಂದರೆ ಹೀಗೇ. ಮೀಟರಿನ ತಲೆಯ ಮೇಲಿದ್ದ ಪುಟ್ಟ ತೂತು, ಅದು ಉಸಿರೆಳೆದುಕೊಳ್ಳುವ ಒಂದೇ ಒಂದು ತೂತು, ಪ್ಲಾಸ್ಟಿಕ್ಕಿನ ಕೆಳಗೆ ಮುಚ್ಚಿಹೋಗಿತ್ತು.

ಉಗುರಿನಿಂದ, ಹಲ್ಲಿನಿಂದ ಟೇಪನ್ನು ಕಿತ್ತಳು. ಬಾಗಿಲ ಬಳಿ ಹಿಡಿದಳೋ ಇಲ್ಲವೋ, ಮೀಟರು ಕಿವಿ ಕಿತ್ತುಹೋಗುವಂತೆ ಕಿರುಚತೊಡಗಿತು.

"ಹೊರಗೆ ಬನ್ನಿ! ಎಲ್ಲಾ ಹೊರಗೆ ಬನ್ನಿ! ಭಾವ, ವಿಷ ಇದೆ!"

ಒಳಗಿನಿಂದ ಭಾವನ ನಗು ಕೇಳಿಸಿತು. "ಹಲ್ಲಿ ಆಯ್ತು, ಈಗ ವಿಷವಾ? ಇವತ್ತು ನಾನು ಕುಣಿಯಲ್ಲ ಕಣಮ್ಮ!" ಹಮಾಲರೂ ನಕ್ಕರು. ಯಾರೋ ಒಬ್ಬ ಸಿಳ್ಳೆ ಹೊಡೆದ.

ಮುಖವಾಡ ಆಫೀಸಿನಲ್ಲಿತ್ತು, ಅದಕ್ಕೆ ಓಡುವಷ್ಟು ಹೊತ್ತು ಇರಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿದಳು. ಸೆರಗು ಆ ಅನಿಲವನ್ನು ತಡೆಯುವುದಿಲ್ಲ ಎಂದು ಉಳಿದವರಿಗೆ ಪಾಠ ಮಾಡಿದವಳು ಅವಳೇ. ಕಿರುಚುವ ಮೀಟರನ್ನು ಹಿಡಿದು, ಸಿಕ್ಕವರ ಅಂಗಿ ಎಳೆದು, ಬೆನ್ನಿಗೆ ಗುದ್ದಿ, ಬಾಯಿಗೆ ಬಂದಂತೆ ಬೈಯುತ್ತ ಎಲ್ಲರನ್ನೂ ಬಾಗಿಲಿಗೆ ಅಟ್ಟಿದಳು. ಅವಳ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ. ಭಾವ ಎಲ್ಲರಿಗಿಂತ ಒಳಗೆ, ಹಿಂದಿನ ರಾಶಿಯ ಹತ್ತಿರ ಇದ್ದ. ಚೀಲ ಹೊತ್ತೇ ಹೊರಗೆ ಬಂದ, ಅದನ್ನು ಇಳಿಸಿದ, ಗೋಡೆ ಹಿಡಿದುಕೊಂಡು ವಾಂತಿ ಮಾಡಿದ.

ಆಸ್ಪತ್ರೆಯಲ್ಲಿ ಉಳಿದವರನ್ನೆಲ್ಲ ಸಂಜೆಗೆ ಮನೆಗೆ ಕಳಿಸಿದರು. ಭಾವನನ್ನು ಮಾತ್ರ ಬೆಳಗಿನವರೆಗೆ ಇರಿಸಿಕೊಂಡರು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು, "ಇನ್ನೂ ಸ್ವಲ್ಪ ಹೊತ್ತು ಒಳಗಿದ್ದಿದ್ರೆ ನನ್ನ ಹತ್ರ ಕರ್ಕೊಂಡು ಬರೋ ಅಗತ್ಯ ಇರ್ತಿರಲಿಲ್ಲ" ಎಂದರು. ಅಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ತಂಗಿಯ ಕಡೆ ತಿರುಗಲೇ ಇಲ್ಲ.

"ಅಕ್ಕ..."

"ನೀನು ಹೋಗಬಹುದು ಅಂದೆಯಂತೆ. ಅದಕ್ಕೇ ಹೋದ್ರಂತೆ."

ಅಷ್ಟೇ. ಬೈದಿದ್ದರೆ, ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಉಗ್ರಾಣದಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪ್ರಶ್ನೆ ಸಾಹೇಬನ ಹೆಸರಿನವರೆಗೆ ಬೆರಳು ಒಯ್ದಳು. ಆತ ಏನು ಕೇಳುತ್ತಾನೆಂದು ಗೊತ್ತಿತ್ತು. ಅವಳಿಗೆ ಏನನ್ನಿಸುತ್ತಿತ್ತೋ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಫೋನು ಮಡಿಲಲ್ಲೇ ಉಳಿಯಿತು. ನಿರ್ದೇಶಕರಿಗೆ ಮಾತ್ರ ಫೋನು ಮಾಡಿದಳು. ಮೀಟರಿಗೆ ಪ್ಲಾಸ್ಟಿಕ್ ಸುತ್ತಿದ್ದು ನಾನೇ, ಇವತ್ತು ಲಾರಿ ಹೊರಡುವುದಿಲ್ಲ ಎಂದಳು. "ನಾಳೆ ಹೊರಡದಿದ್ರೆ ಗುಡ್ಡದಲ್ಲಿ ಸಾಯೋ ಮಕ್ಕಳಿಗೆ ನಾನೇನು ಹೇಳಲಿ?" ಎಂದು ಅವರು ಫೋನಿಟ್ಟರು. ಆ ಮಾತು ಅವಳನ್ನು ರಾತ್ರಿಯೆಲ್ಲ ಮಲಗಲು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಒಂದು ಕಡೆ ಖಾಲಿ ತಟ್ಟೆ, ಇನ್ನೊಂದು ಕಡೆ ಗೋಡೆ ಹಿಡಿದು ನಿಂತ ಭಾವ.

ಮರುದಿನ ಬೆಳಿಗ್ಗೆ ಕೊನೆಗೂ ಗಾಳಿ ಬೀಸುತ್ತಿತ್ತು. ಎಲ್ಲಿಂದಲೋ ತರಿಸಿದ ದೊಡ್ಡ ಫ್ಯಾನುಗಳು ಬಾಗಿಲಲ್ಲಿ ಗೊರಗೊರ ಎನ್ನುತ್ತಿದ್ದವು. ಗುಡ್ಡದ ಕಡೆ ಆಕಾಶ ಕಪ್ಪಿಟ್ಟಿತ್ತು. ಉಗ್ರಾಣದಮ್ಮ ಮೀಟರ್ ಹಿಡಿದು ಓಡುತ್ತ ಒಳಗೆ ಹೋದಳು. ಬಾಗಿಲಲ್ಲಿ ಸೊನ್ನೆ, ಓಣಿಯಲ್ಲಿ ಸೊನ್ನೆ. ಈ ಸಲ ಟೇಪಿಲ್ಲ, ಪ್ಲಾಸ್ಟಿಕ್ಕಿಲ್ಲ, ನಿಜವಾದ ಸೊನ್ನೆ. ಆಕಾಶ ನೋಡಿಕೊಂಡು, ಮೇಲುಸಿರು ಬಿಡುತ್ತ ಹೊರಗೆ ಬಂದಳು.

"ಹೋಗಬಹುದು."

ಗೋಡೆಯ ನೆರಳಲ್ಲಿ ಸಾಲಾಗಿ ಕೂತಿದ್ದ ಹಮಾಲರಲ್ಲಿ ಒಬ್ಬರೂ ಏಳಲಿಲ್ಲ.

"ಹೋಗಬಹುದು ಅಂದೆ."

"ನಿನ್ನೇನೂ ಹಂಗೇ ಅಂದ್ರಿ" ಎಂದ ಒಬ್ಬ, ನೆಲ ನೋಡುತ್ತ. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಅದು ನೇರ ಎದೆಗೆ ನಾಟಿತು.

ಅಷ್ಟರಲ್ಲಿ ಗೇಟಿನಲ್ಲಿ ಆಟೋ ನಿಂತಿತು. ಭಾವ ಇಳಿದ, ಹಿಂದೆಯೇ ಅಕ್ಕ. ಒಂದೇ ರಾತ್ರಿಗೆ ಅವನ ಕೆನ್ನೆ ಒಳಗೆ ಹೋಗಿತ್ತು. ಮನೆಗೆ ಹೋಗಿ ಮಲಗುವ ಬದಲು ಇಲ್ಲಿಗೆ ಬಂದಿದ್ದಾನೆಂದು ಅಕ್ಕನ ಮುಖವೇ ಹೇಳುತ್ತಿತ್ತು. ಅವನು ಹಮಾಲರನ್ನು ನೋಡಿದ, ನಾದಿನಿಯನ್ನು ನೋಡಿದ, ಎಲ್ಲವೂ ಅರ್ಥವಾಯಿತು.

"ಆ ಡಬ್ಬಿ ಕೊಡು ಇಲ್ಲಿ."

ಅವಳ ಕೈ ತನ್ನಷ್ಟಕ್ಕೆ ಮೀಟರನ್ನು ಎದೆಗೆ ಒತ್ತಿಕೊಂಡಿತು. ಇದು ನನ್ನದು, ನನ್ನ ಕೈಗೆ ಕೊಟ್ಟಿದ್ದು, ಇವರಿಗೇನು ಗೊತ್ತು ಎಂಬ ಹಟ ಮೂಗಿನ ತುದಿಯವರೆಗೆ ಬಂತು. ನಾಚಿಕೆಯೂ ಆಯಿತು. ಇಷ್ಟಾದರೂ ಬಿಡಲಿಲ್ಲವಲ್ಲ ಈ ಬುದ್ಧಿ!

"ಹೇಗೆ ಓದಬೇಕು ಅಂತ ಹೇಳು. ಒಳಗೆ ಹೋಗೋರು ನಾವು. ನಾವೇ ಓದ್ತೀವಿ" ಎಂದ ಭಾವ.

ಕೊಟ್ಟಳು. ಕೊಟ್ಟ ಮೇಲೆ ಹೇಳಿಕೊಟ್ಟಳು. ಮೊದಲು ಮೀಟರಿಗೆ ಕಣ್ಣು ಕಾಣುತ್ತದೆಯೇ ನೋಡಬೇಕು. ಅದಕ್ಕೆ, ಬಳಸಿ ಮುಗಿದರೂ ಇನ್ನೂ ಒಂದಿಷ್ಟು ಅನಿಲ ಸೂಸುವ ಮಾತ್ರೆಗಳ ಪುಡಿ ಇರುವ ಬಕೆಟ್ಟು ಹೊರಗೆ ಬಯಲಲ್ಲಿದೆ. ಅದರ ಹತ್ತಿರ ಹಿಡಿದರೆ ಕಿರುಚಬೇಕು. ಕಿರುಚಿತು. ಆಮೇಲೆ ಬಯಲ ಗಾಳಿಗೆ ತಂದರೆ ಸೊನ್ನೆಗೆ ಇಳಿಯಬೇಕು. ಇಳಿಯಿತು. ಆಮೇಲೆ ಬಾಗಿಲು, ಆಮೇಲೆ ಓಣಿ, ಆಮೇಲೆ ರಾಶಿಗಳ ಹಿಂದೆ ಗಾಳಿಯಾಡದ ಮೂಲೆಗಳು, ನೆಲದ ಹತ್ತಿರ ಒಮ್ಮೆ, ತಲೆಯ ಎತ್ತರಕ್ಕೆ ಒಮ್ಮೆ. ಹೇಳುತ್ತ ಹೇಳುತ್ತ ಅವಳ ನಾಲಿಗೆ ತೊದಲಿತು. ಆ ಮೂಲೆಗಳಿಗೆ ತಾನು ಇವತ್ತು ಹೋಗಿಯೇ ಇರಲಿಲ್ಲ. ಆಕಾಶ ನೋಡಿಕೊಂಡು ಓಡಿಬಂದಿದ್ದಳು.

"ನಾನೇ ಹೋಗಿ..." ಎಂದಳು.

"ನೀನಿರು" ಎಂದು ಭಾವ ಮುಖವಾಡ ಹಾಕಿಕೊಂಡ. ಅಕ್ಕ ಬೇಡ ಎನ್ನಲು ಒಂದು ಹೆಜ್ಜೆ ಮುಂದೆ ಬಂದಳು, ಆಮೇಲೆ ಹೋಗಿ ಗೋಡೆಯ ನೆರಳಲ್ಲಿ ಕೂತಳು.

ಅವನು ಒಳಗಿದ್ದಷ್ಟು ಹೊತ್ತು ಉಗ್ರಾಣದಮ್ಮ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಫ್ಯಾನುಗಳ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಒಳಗಿನಿಂದ ಮೀಟರಿನ ಕಿರುಚಾಟ ಕೇಳಿ ಎಲ್ಲರೂ ಒಟ್ಟಿಗೇ ಎದ್ದರು. ಭಾವ ಹೊರಗೆ ಬಂದು ಮುಖವಾಡ ತೆಗೆದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಹಿಂದಿನ ಮೂಲೇಲಿ ಇನ್ನೂ ಇದೆ."

ನಿನ್ನೆ ಹಮಾಲರನ್ನು ಒಳಗೆ ಕಳಿಸಿದ್ದಕ್ಕೆ ಉಗ್ರಾಣದಮ್ಮ ಪ್ಲಾಸ್ಟಿಕ್ಕನ್ನು ದೂರಬಹುದಿತ್ತು. ಇವತ್ತು ದೂರಲು ಏನೂ ಇರಲಿಲ್ಲ. ಅವರು ಅವಳ ಮಾತು ನಂಬಿದ್ದರೆ ಈಗ ಆ ಮೂಲೆಯಲ್ಲಿ ಚೀಲ ಎತ್ತುತ್ತಿದ್ದರು.

ಫೋನು ಮತ್ತೆ ಬಂತು. "ಹೊರಟ್ವಾ?" ಎಂದರು ನಿರ್ದೇಶಕರು.

"ಇಲ್ಲ ಸಾರ್. ಇನ್ನೂ ವಿಷ ಇದೆ."

"ಗುಡ್ಡದಲ್ಲಿ ಹನಿ ಶುರುವಾಗಿದೆ. ಮುಂದಿನ ರಾಶಿಯಿಂದಾದ್ರೂ ತೆಗೆಸಿ, ಹಿಂದಿನದು ಆಮೇಲೆ ನೋಡ್ಕೊಳ್ಳೋಣ. ಒಂದು ಲಾರಿಯಾದ್ರೂ ಬಿಡಿ."

ಆ ಮಾತಿನಲ್ಲಿ ದುಷ್ಟತನವಿರಲಿಲ್ಲ. ಅದೇ ಮಾತನ್ನು ಅವಳ ಮನಸ್ಸೂ ಆಗಿನಿಂದ ಪಿಸುಗುಡುತ್ತಿತ್ತು. "ಇಲ್ಲ ಸಾರ್" ಎಂದಳು. "ಒಳಗೆ ಹೋಗೋರು ಓದಿ, ಸರಿ ಅಂದ ಮೇಲೇನೇ. ನೀವು ನನ್ನ ಜಾಗಕ್ಕೆ ಬೇರೆಯವರನ್ನ ಹಾಕಿದ್ರೂ ಸರಿ, ಅವರಿಗೂ ಇದನ್ನೇ ಹೇಳ್ತೀನಿ."

ಮಧ್ಯಾಹ್ನ ಕಳೆಯಿತು. ಭಾವ ಎರಡನೆಯ ಸಲ ಹೋಗಿ ಬಂದು ತಲೆ ಅಲ್ಲಾಡಿಸಿದ. ಮೂರನೆಯ ಸಲ ಬಂದಾಗ, "ಈಗ ಇಲ್ಲ, ಎಲ್ಲಾ ಮೂಲೇನೂ ನೋಡಿದೆ" ಎಂದ. ಲಾರಿಗಳು ಗುಡುಗುಡು ಎಂದು ಜೀವ ತಳೆದವು. ಉಗ್ರಾಣದಮ್ಮ ಉಸಿರು ಬಿಟ್ಟು, ಇನ್ನು ನುಗ್ಗುತ್ತಾರೆಂದು ಬಾಗಿಲಿನಿಂದ ಸರಿದು ನಿಂತಳು.

ಯಾರೂ ನುಗ್ಗಲಿಲ್ಲ. ಬೆಳಿಗ್ಗೆ ನೆಲ ನೋಡುತ್ತ ಮಾತಾಡಿದವನು ಎದ್ದು, ಮೇಸ್ತ್ರಿಯ ಕೈಯಿಂದ ಮೀಟರ್ ಇಸಕೊಂಡು ಬಕೆಟ್ಟಿನ ಕಡೆ ನಡೆದ. ಕಿರುಚಿಸಿ ನೋಡಿದ, ಬಯಲಲ್ಲಿ ಹಿಡಿದು ನೋಡಿದ, ತಲೆ ಬಗ್ಗಿಸಿ ಅಂಕಿ ಓದಿದ, ಆಮೇಲೆ ಒಳಗೆ ಹೋಗಿ ಮೂಲೆ ಮೂಲೆ ನೋಡಿಕೊಂಡು ಬಂದ. ಬಂದು ಪಕ್ಕದವನಿಗೆ ಕೊಟ್ಟ. ಅವನೂ ಬಕೆಟ್ಟಿನ ಕಡೆಗೇ ಹೊರಟ. ಅವನ ಹಿಂದೆ ಇನ್ನೂ ಒಂದು ಉದ್ದ ಸಾಲು ಕಾಯುತ್ತಿತ್ತು, ಒಬ್ಬೊಬ್ಬನಿಗೂ ತಾನೇ ನೋಡಬೇಕು.

ಗುಡ್ಡದ ಮೇಲೆ ಮಿಂಚಿತು. ಖಾಲಿ ಡಬ್ಬಗಳು, ಕಾಯುವ ಮಕ್ಕಳು, ಕುಸಿಯಲಿರುವ ರಸ್ತೆ, ಎಲ್ಲವೂ ಅವಳ ಕಣ್ಣ ಮುಂದೆ ಒಮ್ಮೆಲೇ ಬಂದವು. ಅಕ್ಕ ಮೊದಲ ಬಾರಿಗೆ ಅವಳ ಮುಖ ನೋಡುತ್ತಿದ್ದಳು. "ಬೇಗ" ಎಂಬ ಮಾತು ಉಗ್ರಾಣದಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಬಕೆಟ್ಟಿನ ಹತ್ತಿರ ಬಗ್ಗಿದ್ದವನ ಪಕ್ಕ ಹೋಗಿ ಕೂತಳು.

"ನಿಧಾನಕ್ಕೆ ನೋಡಪ್ಪ" ಎಂದಳು.